ಬೆಟ್ಟ ಹತ್ತುವ ಮೊದಲು ಬ್ಯಾಗನ್ನು ತಕ್ಕಡಿಗೆ ಹಾಕಿ

ದಸರಾ ಗದ್ದಲ ಮುಗಿದು ಮಳೆ ಹಿಂದೆ ಸರಿಯುತ್ತಿದ್ದ ಹಾಗೆ ಮೈಸೂರು, ಮಂಡ್ಯ ಕಡೆಯ ಹುಡುಗ ಹುಡುಗಿಯರಿಂದ ಒಂದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. "ಕುಮಾರಪರ್ವತಕ್ಕೆ ಹೋಗ್ತಿದ್ದೀವಿ, ಯಾವ ಬ್ಯಾಗ್ ತಗೊಳ್ಳೋದು?" ಒಬ್ಬೊಬ್ಬರಿಗೂ ಉತ್ತರ ಬರೆದು ಬರೆದು, ಒಂದೇ ಕಡೆ ಎಲ್ಲವನ್ನೂ ಬರೆದುಬಿಡೋಣ ಅನ್ನಿಸಿತು.

ಮೊದಲ ಉತ್ತರ: ಬ್ಯಾಗನ್ನು ಈಗ ತಗೊಳ್ಳಬೇಡಿ. ಅದು ಕೊನೆಗೆ. ಮೊದಲು ಬೇಕಾಗಿರುವುದು ಒಂದು ತಕ್ಕಡಿ.

ಕುಮಾರಪರ್ವತ 1712 ಮೀಟರ್ ಎತ್ತರ. ಕುಕ್ಕೆ ಸುಬ್ರಹ್ಮಣ್ಯದ ಕಡೆಯಿಂದ ಹತ್ತಿದರೆ ಒಂದು ಕಡೆಗೇ ಸುಮಾರು 12–13 ಕಿ.ಮೀ. ಏರಿಕೆ 1500 ಮೀಟರಿಗಿಂತ ಜಾಸ್ತಿ. ಗಿರಿಗದ್ದೆಯ ಭಟ್ಟರ ಮನೆವರೆಗೆ ಕಾಡಿನ ನೆರಳಿರುತ್ತದೆ, ಆಮೇಲೆ ಬಯಲು ಹುಲ್ಲುಗಾವಲು, ನೆತ್ತಿ ಮೇಲೆ ಬಿಸಿಲು. ಇಂಥ ಹಾದಿಯಲ್ಲಿ ಹೆಗಲ ಮೇಲಿನ ಒಂದೊಂದು ಕಿಲೋ ಕೂಡ ಲೆಕ್ಕಕ್ಕೆ ಬರುತ್ತದೆ. ಹತ್ತುವಾಗ ಉಸಿರಿಗೆ, ಇಳಿಯುವಾಗ ಮಂಡಿಗೆ. ನಾನು ಮೊದಲ ಸಲ 13 ಕಿಲೋ ಹೊತ್ತು ಹೋಗಿದ್ದೆ. ಹತ್ತಿದ್ದು ಹೇಗೋ ಆಯಿತು, ಇಳಿದ ಮೇಲೆ ನಾಲ್ಕು ದಿನ ಮನೆ ಮೆಟ್ಟಿಲು ಇಳಿಯೋಕೆ ಗೋಡೆ ಹಿಡಿಯಬೇಕಾಯಿತು. ವಾಪಸ್ ಬಂದು ಬ್ಯಾಗ್ ಬಿಚ್ಚಿದರೆ, ಅರ್ಧಕ್ಕಿಂತ ಜಾಸ್ತಿ ಸಾಮಾನನ್ನು ನಾನು ಮುಟ್ಟಿಯೇ ಇರಲಿಲ್ಲ. ಈ ಲೇಖನ ಬರೆಯಲು ಅದೇ ಕಾರಣ.

ಕೆಳಗಿನ ಕ್ರಮ ತಡಿಯಂಡಮೋಳ್, ಬ್ರಹ್ಮಗಿರಿ, ಕುದುರೆಮುಖ ಎಲ್ಲದಕ್ಕೂ ಆಗುತ್ತದೆ. ಹಿಮಾಲಯಕ್ಕೆ ಎಲ್ಲಿ ಬದಲಾಗಬೇಕೋ ಅಲ್ಲಲ್ಲಿ ಹೇಳುತ್ತೇನೆ.

ಹಂತ 1: ಎಲ್ಲವನ್ನೂ ತೂಗಿ, ಬರೆದಿಡಿ

ಕೊಕ್ಕೆಗೆ ನೇತುಹಾಕಿ ತೂಗುವ ಲಗೇಜ್ ತಕ್ಕಡಿ ಒಂದು, ಅಡುಗೆಮನೆಯ ಚಿಕ್ಕ ಡಿಜಿಟಲ್ ತಕ್ಕಡಿ ಒಂದು ಇದ್ದರೆ ಸಾಕು. ಇಲ್ಲವಾದರೆ ಬೀದಿ ಕೊನೆಯ ದಿನಸಿ ಅಂಗಡಿಯವರನ್ನು ಕೇಳಿ, ಬೇಡ ಅನ್ನುವುದಿಲ್ಲ. ಒಯ್ಯಬೇಕು ಅಂದುಕೊಂಡಿರುವ ಪ್ರತಿ ವಸ್ತುವನ್ನೂ ತೂಗಿ ನೋಟ್‌ಬುಕ್ಕಿನಲ್ಲಿ ಗ್ರಾಂ ಲೆಕ್ಕದಲ್ಲಿ ಬರೆಯಿರಿ. ಹಲ್ಲುಜ್ಜುವ ಬ್ರಷ್ಷನ್ನೂ ಬಿಡಬೇಡಿ. ಕೈಯಲ್ಲಿ ಹಿಡಿದು "ಇದೇನು ಹಗುರ" ಅನ್ನಿಸುವುದೆಲ್ಲ ಒಟ್ಟು ಸೇರಿದಾಗ ಎಷ್ಟಾಗುತ್ತದೆ ಅನ್ನುವುದು ಬರೆದಾಗಲೇ ಗೊತ್ತಾಗುವುದು.

ಇಲ್ಲಿ ಒಂದು ಪದ ತಿಳಿದಿರಲಿ: ಬೇಸ್ ವೇಟ್. ಅಂದರೆ ನೀರು, ಊಟ, ಸ್ಟೌವ್ ಇಂಧನ ಹೀಗೆ ಖರ್ಚಾಗುವ ಸಾಮಾನು ಬಿಟ್ಟು, ಮೈಮೇಲೆ ಹಾಕಿಕೊಂಡಿರುವುದನ್ನೂ ಬಿಟ್ಟು, ಬ್ಯಾಗಿನಲ್ಲಿ ಉಳಿಯುವ ತೂಕ. ಹಗುರ ಚಾರಣದವರು ಇದನ್ನೇ ಲೆಕ್ಕ ಹಾಕುತ್ತಾರೆ. 4.5 ಕಿಲೋಗಿಂತ ಕಮ್ಮಿ ಇದ್ದರೆ ಅದನ್ನು ಅಲ್ಟ್ರಾಲೈಟ್ ಅನ್ನುತ್ತಾರೆ, ಅಮೆರಿಕದವರ ಹತ್ತು ಪೌಂಡ್ ಲೆಕ್ಕದಿಂದ ಬಂದದ್ದು. ನೀವು ಅದರ ಹಿಂದೆ ಬೀಳಬೇಕಿಲ್ಲ. ನಮ್ಮ ಪಶ್ಚಿಮಘಟ್ಟದ ಎರಡು ದಿನದ ಚಾರಣಕ್ಕೆ 5 ಕಿಲೋ, ಹಿಮಾಲಯಕ್ಕೆ ಸ್ವಂತ ಸಾಮಾನು ಹೊತ್ತರೆ 7–8 ಕಿಲೋ ಅಂತ ಗುರಿ ಇಟ್ಟುಕೊಳ್ಳಿ.

ತೂಕ ಎಲ್ಲಿ ಅಡಗಿರುತ್ತದೆ ಅನ್ನುವುದಕ್ಕೆ ನನ್ನ ಹಳೆಯ ಪಟ್ಟಿಯಿಂದ ಐದು ವಸ್ತು. ಜೀನ್ಸ್ ಪ್ಯಾಂಟ್ 680 ಗ್ರಾಂ, ಅದರ ಬದಲು ನೈಲಾನ್ ಟ್ರ್ಯಾಕ್ ಪ್ಯಾಂಟ್ 240. ಟರ್ಕಿ ಟವೆಲ್ 450, ಅದರ ಬದಲು ನಮ್ಮ ತಾತಂದಿರು ಹೆಗಲ ಮೇಲೆ ಹಾಕುತ್ತಿದ್ದಂಥ ತೆಳು ಟವೆಲ್ 110, ಒಣಗುವುದೂ ಬೇಗ. ಒಂದು ಲೀಟರಿನ ಸ್ಟೀಲ್ ಬಾಟಲಿ 380, ಅದರ ಬದಲು ಎರಡು ಸಾದಾ ಪ್ಲಾಸ್ಟಿಕ್ ಬಾಟಲಿ ಸೇರಿ 60. ಸೋಪು, ಶಾಂಪೂ, ಪೇಸ್ಟು, ಪೌಡರು ತುಂಬಿದ ಕಿಟ್ 620, ಬೇಕಾದಷ್ಟೇ ಚಿಕ್ಕ ಡಬ್ಬಿಗೆ ಹಾಕಿದ ಮೇಲೆ 90. 20,000 ಎಂಎಎಚ್ ಪವರ್ ಬ್ಯಾಂಕ್ 430, ತಮ್ಮನಿಂದ ಎರವಲು ತಂದ 10,000ದ್ದು 210. ಕೂಡಿ ನೋಡಿ, 1850 ಗ್ರಾಂ ಇಳಿಯಿತು. ದುಬಾರಿ ಸಾಮಾನು ಒಂದೂ ಕೊಂಡಿಲ್ಲ.

ಹಂತ 2: ಮೂರು ಗುಡ್ಡೆ ಮಾಡಿ

ಚಾಪೆ ಹಾಸಿ ಎಲ್ಲವನ್ನೂ ಹರವಿ. ಇದಿಲ್ಲದಿದ್ದರೆ ಅಪಾಯ ಅನ್ನುವುದು ಒಂದು ಗುಡ್ಡೆ. ಇದಿಲ್ಲದಿದ್ದರೆ ಕಷ್ಟ ಅನ್ನುವುದು ಇನ್ನೊಂದು. ಮೂರನೆಯದು "ಇರಲಿ" ಗುಡ್ಡೆ. ಹೊರಡುವ ಹಿಂದಿನ ರಾತ್ರಿ ಅಮ್ಮ "ಇನ್ನೊಂದು ಸ್ವೆಟರ್ ಇರಲಿ" ಅನ್ನುತ್ತಾರೆ, ಗೆಳೆಯ "ಸ್ಪೀಕರ್ ಇರಲಿ ಮಗಾ" ಅನ್ನುತ್ತಾನೆ, ನಾವೇ "ಇನ್ನೊಂದು ಜೊತೆ ಬಟ್ಟೆ ಇರಲಿ" ಅಂದುಕೊಳ್ಳುತ್ತೇವೆ. ಬ್ಯಾಗಿನಲ್ಲಿ ಎಲ್ಲಕ್ಕಿಂತ ಭಾರ ಆ "ಇರಲಿ"ಯೇ. ಮೂರನೇ ಗುಡ್ಡೆಯನ್ನು ಪೂರ್ತಿ ವಾಪಸ್ ಬೀರುವಿಗೆ ಹಾಕಿ. ಎರಡನೆಯದನ್ನು ಜೊತೆಗಾರರ ಮುಂದೆ ಹರವಿ ಹಂಚಿಕೊಳ್ಳಿ. ನಾಲ್ಕು ಜನಕ್ಕೆ ನಾಲ್ಕು ಪೇಸ್ಟು, ನಾಲ್ಕು ಚಾಕು, ನಾಲ್ಕು ಸನ್‌ಸ್ಕ್ರೀನ್ ಯಾಕೆ ಬೇಕು?

ಮೊದಲ ಗುಡ್ಡೆಯಿಂದ ಮಾತ್ರ ಒಂದು ಗ್ರಾಂ ಕೂಡ ತೆಗೆಯಬೇಡಿ. ಅದರಲ್ಲಿ ಇರಲೇಬೇಕಾದ್ದು: ನೀರು ಮತ್ತು ನೀರು ಶುದ್ಧ ಮಾಡುವ ಮಾತ್ರೆ, ಮಳೆಗೆ ಹೊದಿಕೆ, ಒಂದು ಬೆಚ್ಚನೆಯ ಮೇಲಂಗಿ, ತಲೆಗೆ ಕಟ್ಟುವ ಟಾರ್ಚ್, ನಿಮ್ಮ ಮಾಮೂಲಿ ಔಷಧಿ, ಗಾಯಕ್ಕೆ ಬ್ಯಾಂಡೇಜು, ಎರಡು ಮೂರು ಓಆರ್‌ಎಸ್ ಪ್ಯಾಕೆಟ್, ಸೀಟಿ, ಚಾರ್ಜ್ ಆದ ಫೋನು. ತುರ್ತು ಹೊದಿಕೆ ಅಂತ ಬೆಳ್ಳಿ ಹಾಳೆಯಂಥದ್ದು ಸಿಗುತ್ತದೆ, 50–60 ಗ್ರಾಂ, ಮಡಿಸಿದರೆ ಅಂಗೈಯಷ್ಟು. ಕಾಲು ಉಳುಕಿ ಕತ್ತಲಾದರೆ ಮೈ ಬಿಸಿ ಉಳಿಸುವುದು ಅದೇ. ಇವೆಲ್ಲ ಸೇರಿದರೂ ನೀರು ಬಿಟ್ಟು ಒಂದೂವರೆ ಕಿಲೋ ದಾಟುವುದಿಲ್ಲ. "ಹಗಲೇ ವಾಪಸ್ ಬರ್ತೀವಿ, ಟಾರ್ಚ್ ಯಾಕೆ" ಅಂತ ಬಿಟ್ಟು ಹೋಗಿ, ಫೋನ್ ಬೆಳಕಲ್ಲಿ ಬೇರು ಕಲ್ಲು ತಡವಿಕೊಂಡು ಇಳಿಯುವವರನ್ನು ನಾನು ಪ್ರತಿ ವರ್ಷ ನೋಡುತ್ತೇನೆ. ದಯವಿಟ್ಟು ಹಾಗೆ ಮಾಡಬೇಡಿ.

ಹಂತ 3: ಮಲಗುವ ಸಾಮಾನು

ಬ್ಯಾಗ್, ಟೆಂಟ್, ಸ್ಲೀಪಿಂಗ್ ಬ್ಯಾಗ್, ಈ ಮೂರೇ ಒಟ್ಟು ತೂಕದ ಅರ್ಧದಷ್ಟು ತಿನ್ನುತ್ತವೆ.

ಟೆಂಟ್ ಬೇಕಾ ಅಂತ ಮೊದಲು ಕೇಳಿಕೊಳ್ಳಿ. ಕುಮಾರಪರ್ವತದ ತುದಿಯಲ್ಲಿ ಟೆಂಟ್ ಹಾಕಲು ಅರಣ್ಯ ಇಲಾಖೆ ಬಿಡುವುದಿಲ್ಲ. ನಮ್ಮ ಬಹುಪಾಲು ಅರಣ್ಯದ ಹಾದಿಗಳಲ್ಲಿ ಹಾಗೇ. ಈಗ ಇಲಾಖೆಯ ಅರಣ್ಯ ವಿಹಾರ ಜಾಲತಾಣದಲ್ಲಿ ಮೊದಲೇ ಟಿಕೆಟ್ ಮಾಡಿಸಬೇಕು. ಬೇಸಿಗೆಯಲ್ಲಿ ಕಾಡ್ಗಿಚ್ಚಿನ ಭಯಕ್ಕೆ, ಜೋರು ಮಳೆಯಲ್ಲಿ ಜಾರಿಕೆಗೆ ಹಾದಿ ಮುಚ್ಚುವುದುಂಟು. ಹೊರಡುವ ಮೊದಲು ನೋಡಿಕೊಳ್ಳಿ, ರಾತ್ರಿ ಎಲ್ಲಿ ತಂಗಬಹುದು ಅನ್ನುವುದನ್ನೂ ಆಗಲೇ ಕೇಳಿ. ತಂಗಲು ಸೂರು ಇದ್ದರೆ ಎರಡೂವರೆ ಕಿಲೋ ಟೆಂಟ್ ಮನೆಯಲ್ಲೇ ಉಳಿಯಿತು. ಟೆಂಟ್ ಹಾಕಬಹುದಾದ ಕಡೆ ಹೋಗುವುದಾದರೆ ಒಬ್ಬರು ಬಟ್ಟೆ, ಇನ್ನೊಬ್ಬರು ಕಂಬಿ ಅಂತ ಹಂಚಿಕೊಂಡು ಹೊರಿ.

ಸ್ಲೀಪಿಂಗ್ ಬ್ಯಾಗ್ ಕೊಳ್ಳುವಾಗ ಎಲ್ಲರೂ ಬೀಳುವ ಗುಂಡಿ ಒಂದಿದೆ. ಚೀಲದ ಮೇಲೆ ಎರಡು ಮೂರು ಉಷ್ಣಾಂಶ ಬರೆದಿರುತ್ತಾರೆ. ಕಂಫರ್ಟ್ ಅಂದರೆ ಅಷ್ಟು ಚಳಿಯಲ್ಲಿ ನೆಮ್ಮದಿಯಾಗಿ ನಿದ್ದೆ ಬರುತ್ತದೆ. ಎಕ್ಸ್‌ಟ್ರೀಮ್ ಅಂದರೆ ಜೀವ ಉಳಿದೀತು ಅಷ್ಟೇ. ದೊಡ್ಡದಾಗಿ ಅಚ್ಚಾದ ಸಂಖ್ಯೆ ಯಾವುದು ಅಂತ ನೋಡಿ, ಕಂಫರ್ಟ್ ಸಂಖ್ಯೆಯನ್ನೇ ನಂಬಿ. ನಮ್ಮ ಘಟ್ಟಕ್ಕೆ 10 ಡಿಗ್ರಿ ಕಂಫರ್ಟ್ ಇರುವ ತೆಳು ಚೀಲ ಸಾಕು. ಹಿಮಾಲಯದಲ್ಲಿ ಕೇದಾರಕಂಠದಂಥ ಹಿಮದ ಚಾರಣಕ್ಕೆ ಇದು ಆಗಲ್ಲ. ಅಲ್ಲಿಗೆ ಕೊಳ್ಳುವುದಕ್ಕಿಂತ, ಹೊರಡುವ ಊರಲ್ಲೇ ಬಾಡಿಗೆಗೆ ತಗೊಳ್ಳುವುದು ಮೇಲು.

ಹಗುರ ಬೇಕು ಅಂತ ಹಕ್ಕಿಯ ಮೃದು ಗರಿ ತುಂಬಿದ ಡೌನ್ ಚೀಲ ಕೊಳ್ಳುವವರಿದ್ದಾರೆ. ತುಂಬಾ ಹಗುರ, ತುಂಬಾ ಬೆಚ್ಚಗೆ, ನಿಜ. ಆದರೆ ಒದ್ದೆಯಾದರೆ ಗರಿ ಮುದ್ದೆಯಾಗಿ ಬೆಚ್ಚಗಿಡುವ ಗುಣವೇ ಹೋಗುತ್ತದೆ. ನಮ್ಮ ಘಟ್ಟದ ತೇವದಲ್ಲಿ ಸಿಂಥೆಟಿಕ್ ಚೀಲವೇ ನಂಬಿಕೆಯದು, ಮುನ್ನೂರು ಗ್ರಾಂ ಜಾಸ್ತಿಯಾದರೂ ಆಗಲಿ. ಕೆಳಗೆ ಹಾಸುವ ಮ್ಯಾಟ್ ಮರೆಯಬೇಡಿ, ಮೈಯ ಬಿಸಿ ಕದಿಯುವುದು ಗಾಳಿಗಿಂತ ನೆಲವೇ ಜಾಸ್ತಿ.

ಹಂತ 4: ಬಟ್ಟೆ, ಶೂ, ಇಂಬಳ

ಹತ್ತಿ ಬಟ್ಟೆ ಮೈಸೂರಿನ ಬೇಸಿಗೆಗೆ ಚೆನ್ನ, ಬೆಟ್ಟಕ್ಕೆ ಅಲ್ಲ. ಬೆವರನ್ನೂ ಮಳೆಯನ್ನೂ ಕುಡಿದು ಭಾರವಾಗುತ್ತದೆ, ಒಣಗುವುದಿಲ್ಲ, ತುದಿಯ ಗಾಳಿಗೆ ಮೈ ತಣ್ಣಗಾಗಿಸುತ್ತದೆ. ಪಾಲಿಯೆಸ್ಟರ್ ಟೀ ಶರ್ಟ್ ಎರಡು ಸಾಕು. ಒಂದು ನಡೆಯೋಕೆ, ಒಂದು ಮಲಗೋಕೆ. ಮಲಗುವ ಜೊತೆಯನ್ನು ಏನೇ ಆದರೂ ನಡೆಯುವಾಗ ಹಾಕಬೇಡಿ. ಬೆಳಿಗ್ಗೆ ಒದ್ದೆ ಬಟ್ಟೆಯನ್ನೇ ಮತ್ತೆ ಹಾಕಿಕೊಳ್ಳುವುದು ಹತ್ತು ನಿಮಿಷದ ಕಷ್ಟ, ರಾತ್ರಿ ಒದ್ದೆಯಲ್ಲಿ ಮಲಗುವುದು ಹಾಗಲ್ಲ. ಸಾಕ್ಸ್ ಮಾತ್ರ ಮೂರು ಜೊತೆ ಇರಲಿ.

ಕಾಲಿನ ಮೇಲಿನ ತೂಕ ಬೆನ್ನ ಮೇಲಿನ ತೂಕಕ್ಕಿಂತ ಜಾಸ್ತಿ ದಣಿಸುತ್ತದೆ, ಪ್ರತಿ ಹೆಜ್ಜೆಗೂ ಎತ್ತಿ ಇಡಬೇಕಲ್ವಾ. ಹಿಮ ಇಲ್ಲದ ಹಾದಿಗೆ ಪಾದದ ಗಂಟು ಮುಚ್ಚುವ ಭಾರದ ಬೂಟು ಬೇಡ, ಅಡಿ ಗಟ್ಟಿಯಾಗಿ ಕಚ್ಚಿಕೊಳ್ಳುವ ಹಗುರ ಶೂ ಸಾಕು. ಸಂಜೆ ಹೊತ್ತು ಅಂಗಡಿಗೆ ಹೋಗಿ, ಅಷ್ಟೊತ್ತಿಗೆ ಪಾದ ಸ್ವಲ್ಪ ಊದಿರುತ್ತದೆ. ಚಾರಣದ ಸಾಕ್ಸ್ ಹಾಕಿಕೊಂಡೇ ನೋಡಿ. ಮುಂದೆ ಒಂದು ಬೆರಳಷ್ಟು ಜಾಗ ಇರಬೇಕು, ಇಲ್ಲದಿದ್ದರೆ ಇಳಿಯುವಾಗ ಹೆಬ್ಬೆರಳ ಉಗುರು ಕಪ್ಪಾಗುತ್ತದೆ. ಹೊಸ ಶೂ ಹಾಕಿಕೊಂಡು ಸೀದಾ ಬೆಟ್ಟಕ್ಕೆ ಹೋಗಬೇಡಿ.

ಇಂಬಳದ ಬಗ್ಗೆ ಬಯಲುಸೀಮೆಯವರಿಗೆ ಭಯ ಜಾಸ್ತಿ. ಕಾಡಿನ ತೇವದಲ್ಲಿರುವ ನೆಲದ ಜಿಗಣೆ ಅದು. ಮಂಡಿವರೆಗೆ ಬರುವ, ಒತ್ತಾಗಿ ನೇಯ್ದ ಬಟ್ಟೆಯ ಲೀಚ್ ಸಾಕ್ಸ್ ಹಾಕಿಕೊಂಡರೆ ಮುಗಿಯಿತು, ನೂರು ಗ್ರಾಂ ಕೂಡ ಇರುವುದಿಲ್ಲ. ಕಚ್ಚಿದ್ದರೆ ಉಪ್ಪು ಸುರಿಯಬೇಡಿ, ಬೆಂಕಿ ಮುಟ್ಟಿಸಬೇಡಿ. ಅದು ಹೊಟ್ಟೆಯಲ್ಲಿದ್ದದ್ದನ್ನು ಗಾಯಕ್ಕೇ ಕಾರಿಬಿಡಬಹುದು. ಬಾಯಿ ಕಚ್ಚಿರುವ ತುದಿಯ ಪಕ್ಕ ಉಗುರಿಟ್ಟು ಮೆಲ್ಲಗೆ ಜಾರಿಸಿ, ಬಿಟ್ಟುಕೊಳ್ಳುತ್ತದೆ. ರಕ್ತ ಹೆಪ್ಪುಗಟ್ಟದ ಹಾಗೆ ಮಾಡುವ ರಸ ಅದರ ಬಾಯಲ್ಲಿ ಇರುವುದರಿಂದ ಸ್ವಲ್ಪ ಹೊತ್ತು ರಕ್ತ ಬರುತ್ತದೆ, ಗಾಬರಿ ಬೇಡ. ತೊಳೆದು ಒತ್ತಿ ಹಿಡಿಯಿರಿ.

ಹಂತ 5: ಊಟ

ನಮ್ಮ ಕಡೆಯವರಿಗೆ ಇದು ಸುಲಭ, ಆದರೆ ಯಾಕೋ ಎಲ್ಲರೂ ಇಲ್ಲೇ ತಪ್ಪುತ್ತಾರೆ. ಬಿಸಿಬೇಳೆಬಾತ್, ಚಿತ್ರಾನ್ನ ಡಬ್ಬಿ ತುಂಬಿಕೊಂಡು ಬರುತ್ತಾರೆ. ಬೆಂದ ಅನ್ನದಲ್ಲಿ ಮುಕ್ಕಾಲು ಪಾಲು ಹತ್ತಿರ ನೀರೇ. ಅಂದರೆ ನೀವು ಹೊರುತ್ತಿರುವುದು ನೀರು, ಅದೂ ಮಧ್ಯಾಹ್ನಕ್ಕೆ ಹಳಸುವಂಥದ್ದು. ಒಣ ಪದಾರ್ಥ ಒಯ್ದು, ನೀರು ಸಿಗುವ ಕಡೆ ನೆನೆಸಿಕೊಳ್ಳಿ. ಸ್ಟೌವ್ ಬೇಡ. ಕಾಡಲ್ಲಿ ಬೆಂಕಿ ಹಚ್ಚುವುದು ಕಾನೂನಿನ ಪ್ರಕಾರವೂ ಅಪರಾಧ, ಬೆಟ್ಟದ ಒಣ ಹುಲ್ಲು ಹೊತ್ತಿಕೊಳ್ಳಲು ಒಂದು ಕಿಡಿ ಸಾಕು.

ನಾನು ಪ್ರತಿ ಸಲ ಒಯ್ಯುವುದು ಗೊಜ್ಜವಲಕ್ಕಿ. ಮಾಡುವ ಬಗೆ ಹೀಗೆ. ಗಟ್ಟಿ ಅವಲಕ್ಕಿ 100 ಗ್ರಾಂ ತಗೊಂಡು ಮಿಕ್ಸಿಯಲ್ಲಿ ಎರಡೇ ಸುತ್ತು, ಬನ್ಸಿ ರವೆಯಷ್ಟು ತರಿತರಿಯಾಗಬೇಕು, ಹಿಟ್ಟಾಗಬಾರದು. ಮೇಲುಕೋಟೆ ಕಡೆ ಮಾಡುವ ಹಾಗೆ ಎಣ್ಣೆ ಬಿಡುವವರೆಗೆ ಕುದಿಸಿದ ಪುಳಿಯೋಗರೆ ಗೊಜ್ಜು ಎರಡು ದೊಡ್ಡ ಚಮಚ ಚಿಕ್ಕ ಡಬ್ಬಿಯಲ್ಲಿ. ನೀರಿನ ಅಂಶ ಹೋಗಿರುವುದರಿಂದ ಅದು ಕೆಡುವುದಿಲ್ಲ. ಹುರಿದ ಕಡಲೆಬೀಜ ಒಂದು ಹಿಡಿ, ಕೊಬ್ಬರಿ ತುರಿ ಸ್ವಲ್ಪ, ಇವನ್ನು ಅವಲಕ್ಕಿ ಜೊತೆ ಜಿಪ್ ಚೀಲಕ್ಕೆ ಹಾಕಿ. ಊಟಕ್ಕೆ ಕಾಲು ಗಂಟೆ ಮುಂಚೆ ಗೊಜ್ಜನ್ನು ಅರ್ಧ ಲೋಟ ನೀರಲ್ಲಿ ಕದಡಿ ಚೀಲಕ್ಕೇ ಸುರಿದು, ಹೊರಗಿನಿಂದ ಹಿಸುಕಿ, ಬಂಡೆಯ ಮೇಲೆ ಇಟ್ಟುಬಿಡಿ. ಒಂದೊಂದು ತರಿಯೂ ನೀರು ಕುಡಿದು ಅರಳಿ ಬಿಡಿಬಿಡಿಯಾಗಿರುತ್ತದೆ. ಒಂದೂವರೆ ನೂರು ಗ್ರಾಂ ಒಣ ಸಾಮಾನಿಗೆ ಸುಮಾರು 500 ಕ್ಯಾಲೊರಿ. ಪೇಪರ್ ಅವಲಕ್ಕಿ ಹಾಕಿದರೆ ಅಂಟಂಟು ಮುದ್ದೆಯಾಗುತ್ತದೆ, ನೀರು ಜಾಸ್ತಿಯಾದರೂ ಅಷ್ಟೇ. ಮತ್ತೊಂದು ಮುಖ್ಯ ಮಾತು: ಇದನ್ನು ಕುದಿಸುವುದಿಲ್ಲವಾದ್ದರಿಂದ ಶುದ್ಧ ಮಾಡಿದ ನೀರನ್ನೇ ಹಾಕಬೇಕು, ತೊರೆಯಿಂದ ಸೀದಾ ಹಿಡಿದದ್ದನ್ನಲ್ಲ.

ಬೆಳಿಗ್ಗೆಗೆ ರಾಗಿ ಹುರಿಹಿಟ್ಟು ಮತ್ತು ಬೆಲ್ಲದ ಪುಡಿ, ಇದಕ್ಕೂ ತಣ್ಣೀರೇ ಸಾಕು. ಮಂಡ್ಯದ ಬೆಲ್ಲದಚ್ಚು ಎರಡು, ಕಡಲೆಬೀಜ, ಹುರಿಗಡಲೆ ಜೇಬಿನಲ್ಲಿರಲಿ, ಗಂಟೆಗೊಮ್ಮೆ ಬಾಯಿಗೆ ಹಾಕಿಕೊಳ್ಳಿ. ಒಂದು ಗ್ರಾಂ ಕೊಬ್ಬಿನಲ್ಲಿ 9 ಕ್ಯಾಲೊರಿ, ಪಿಷ್ಟ ಸಕ್ಕರೆಯಲ್ಲಿ 4. ಅದಕ್ಕೇ ಎಣ್ಣೆಕಾಳು, ಕೊಬ್ಬರಿ ಕಮ್ಮಿ ತೂಕಕ್ಕೆ ಜಾಸ್ತಿ ಶಕ್ತಿ ಕೊಡುತ್ತವೆ. ಚಿಪ್ಸ್ ಪ್ಯಾಕೆಟ್ ಬೇಡ, ಜಾಗ ತಿನ್ನುತ್ತದೆ, ಕಸವೂ ಆಗುತ್ತದೆ. ಒಯ್ದ ಪ್ಲಾಸ್ಟಿಕ್ಕೆಲ್ಲ ನಿಮ್ಮ ಜೊತೆಯೇ ಕೆಳಗೆ ಬರಬೇಕು.

ಹಂತ 6: ನೀರು

ಒಂದು ಲೀಟರ್ ಅಂದರೆ ಒಂದು ಕಿಲೋ. ಆದರೂ ಇಲ್ಲಿ ಜಿಪುಣತನ ಬೇಡ. ನೀರು ಎಲ್ಲೆಲ್ಲಿ ಸಿಗುತ್ತದೆ ಅಂತ ಹೋಗುವ ವಾರವೇ ವಿಚಾರಿಸಿ. ಕುಮಾರಪರ್ವತದಲ್ಲಿ ಕಲ್ಲು ಮಂಟಪದ ಹತ್ತಿರದ ನೀರು ಬೇಸಿಗೆ ಹತ್ತಿರವಾದಂತೆ ಬತ್ತುತ್ತದೆ. ನೀರು ಸಿಕ್ಕ ಕಡೆ ಅಲ್ಲೇ ಕೂತು ಅರ್ಧ ಲೀಟರ್ ಕುಡಿದು, ಆಮೇಲೆ ಮುಂದಿನ ಜಾಗದವರೆಗೆ ಬೇಕಾದಷ್ಟು ತುಂಬಿಕೊಳ್ಳಿ. ಬಿಸಿಲಿನ ಬಯಲಿಗೆ ಎರಡು ಲೀಟರಿಗೆ ಕಮ್ಮಿ ಬೇಡ. ಕ್ಲೋರಿನ್ ಮಾತ್ರೆ ಹಾಕಿದ ಮೇಲೆ ಅರ್ಧ ಗಂಟೆ ಕಾಯಬೇಕು. ನೀರು ಕೆಂಪಗೆ ಕದಡಿದ್ದರೆ ಮೊದಲು ತೆಳು ಟವೆಲಲ್ಲಿ ಸೋಸಿ.

ಹಂತ 7: ಈಗ ಬ್ಯಾಗ್

ಸಾಮಾನೆಲ್ಲ ಒಂದು ರಟ್ಟಿನ ಡಬ್ಬಕ್ಕೆ ಹಾಕಿ ಎಷ್ಟು ಜಾಗ ಬೇಕು ನೋಡಿ. ಉದ್ದ, ಅಗಲ, ಎತ್ತರ ಸೆಂಟಿಮೀಟರಿನಲ್ಲಿ ಗುಣಿಸಿ ಸಾವಿರದಿಂದ ಭಾಗಿಸಿದರೆ ಲೀಟರ್ ಸಿಗುತ್ತದೆ. ಬಹಳ ಮಟ್ಟಿಗೆ 35–40 ಲೀಟರ್ ಸಾಕಾಗುತ್ತದೆ. ಮೊದಲೇ 60 ಲೀಟರಿನದು ಕೊಂಡವರು ಖಾಲಿ ಜಾಗ ಕಂಡು ಅದನ್ನೂ ತುಂಬಿಸುತ್ತಾರೆ, ಇದನ್ನು ತಪ್ಪಿಸೋಕೇ ಬ್ಯಾಗ್ ಕೊನೆಗೆ ಅಂದದ್ದು. ಖಾಲಿ ಬ್ಯಾಗೇ 1.2 ಕಿಲೋಗಿಂತ ಜಾಸ್ತಿ ತೂಗಿದರೆ ಬೇರೆ ನೋಡಿ. ಆದರೆ ಸೊಂಟದ ಪಟ್ಟಿ ಇಲ್ಲದ ಬ್ಯಾಗ್ ಬೇಡ, ಎಷ್ಟೇ ಹಗುರ ಇರಲಿ.

ಅಂದ ಹಾಗೆ, ದುಬಾರಿ ಬ್ಯಾಗಿಲ್ಲ ಅಂತ ಯಾರೂ ಹಿಂದೆ ಸರಿಯಬೇಕಿಲ್ಲ. 1955ರಲ್ಲಿ ಅಮೆರಿಕದ ಎಮ್ಮಾ ಗೇಟ್‌ವುಡ್ ಎಂಬ 67 ವರ್ಷದ ಅಜ್ಜಿ, 3,000 ಕಿ.ಮೀ.ಗೂ ಮೀರಿದ ಅಪಲಾಚಿಯನ್ ಬೆಟ್ಟದ ಹಾದಿಯನ್ನು ಒಬ್ಬರೇ ಪೂರ್ತಿ ನಡೆದರು. ಹೆಗಲಲ್ಲಿ ಕೈಯಾರೆ ಹೊಲಿದ ಬಟ್ಟೆ ಚೀಲ, ಕಾಲಿಗೆ ಕ್ಯಾನ್ವಾಸ್ ಶೂ, ಮಳೆಗೆ ಬಚ್ಚಲುಮನೆಯ ಪ್ಲಾಸ್ಟಿಕ್ ಪರದೆ.

ತುಂಬುವ ಕ್ರಮ ಹೀಗೆ. ಮೊದಲು ಬ್ಯಾಗಿನ ಒಳಗೆ ದಪ್ಪ ಪ್ಲಾಸ್ಟಿಕ್ ಚೀಲ, ಗೊಬ್ಬರದ ಚೀಲದ ಒಳಗೆ ಬರುತ್ತದಲ್ಲ ಅಂಥದ್ದು, ಆದರೆ ಗೊಬ್ಬರ ತುಂಬದ ಹೊಸತು. ಹೊರಗಿನ ರೈನ್ ಕವರ್ ಗಾಳಿಗೆ ಹಾರುತ್ತದೆ, ಬೆನ್ನ ಕಡೆಯಿಂದ ನೀರು ಇಳಿಯುತ್ತದೆ, ಒಳಗಿನ ಚೀಲ ಮೋಸ ಮಾಡುವುದಿಲ್ಲ. ಅಡಿಯಲ್ಲಿ ಸ್ಲೀಪಿಂಗ್ ಬ್ಯಾಗ್, ಭಾರದ ಊಟ ನೀರು ಬೆನ್ನಿಗೆ ಅಂಟಿಕೊಂಡಂತೆ ಮಧ್ಯದಲ್ಲಿ, ಮಳೆ ಅಂಗಿ ಮತ್ತು ಟಾರ್ಚ್ ಮೇಲೆ. ಹೊರಗೆ ಏನನ್ನೂ ನೇತುಹಾಕಬೇಡಿ, ಪೊದೆಗೆ ಸಿಕ್ಕಿಕೊಳ್ಳುತ್ತದೆ.

ಹಾಕಿಕೊಳ್ಳುವಾಗ ಎಲ್ಲ ಪಟ್ಟಿಗಳನ್ನೂ ಸಡಿಲ ಮಾಡಿ. ಸೊಂಟದ ಪಟ್ಟಿ ಹೊಟ್ಟೆ ಮೇಲಲ್ಲ, ಎರಡೂ ಪಕ್ಕದ ಸೊಂಟದ ಮೂಳೆ ಮೇಲೆ ಕೂರಬೇಕು. ಅದನ್ನು ಮೊದಲು ಬಿಗಿಯಿರಿ, ಆಮೇಲೆ ಹೆಗಲಿನದು, ಕೊನೆಗೆ ಎದೆಯದು. ಸರಿಯಾಗಿ ಕೂತಿದ್ದರೆ ಹೆಗಲ ಪಟ್ಟಿಯ ಕೆಳಗೆ ಒಂದು ಬೆರಳು ಸಲೀಸಾಗಿ ಹೋಗುತ್ತದೆ, ಭಾರವೆಲ್ಲ ಕಾಲಿಗೆ ಇಳಿದ ಹಾಗಿರುತ್ತದೆ.

ಹಂತ 8: ಚಾಮುಂಡಿ ಬೆಟ್ಟದಲ್ಲಿ ಪರೀಕ್ಷೆ

ಹೊರಡುವ ಎರಡು ವಾರ ಮೊದಲು, ತುಂಬಿದ ಅದೇ ಬ್ಯಾಗ್, ಅದೇ ಶೂ, ಅದೇ ಸಾಕ್ಸ್ ಹಾಕಿಕೊಂಡು ಬೆಳಿಗ್ಗೆ 1008 ಮೆಟ್ಟಿಲು ಹತ್ತಿ. ಸುಮ್ನೆ ಖಾಲಿ ಕೈಯಲ್ಲಿ ಹತ್ತಿದರೆ ಏನೂ ಗೊತ್ತಾಗುವುದಿಲ್ಲ. ನಂದಿಯ ಹತ್ತಿರ ನಿಂತು ಎಲ್ಲಿ ಉಜ್ಜುತ್ತಿದೆ, ಎಲ್ಲಿ ಎಳೆಯುತ್ತಿದೆ ನೋಡಿಕೊಳ್ಳಿ, ಪಟ್ಟಿ ಸರಿ ಮಾಡಿಕೊಳ್ಳಿ. ಇಳಿಯುವಾಗ ಬಸ್ಸು ಹತ್ತಬೇಡಿ, ಮೆಟ್ಟಿಲಲ್ಲೇ ಇಳಿಯಿರಿ. ಮಂಡಿಯ ನಿಜವಾದ ಪರೀಕ್ಷೆ ಅದೇ. ನೋವು ಬಂದರೆ ಎರಡು ಚಾರಣದ ಕೋಲು ಸಾಮಾನಿನ ಪಟ್ಟಿಗೆ ಸೇರಿಸಿ, ಈ ತೂಕ ಹೊರುವುದು ಸಾರ್ಥಕ. ಮಂಡ್ಯದವರಿಗೆ ಪಾಂಡವಪುರದ ಕುಂತಿಬೆಟ್ಟ ಹತ್ತಿರ, ಬಂಡೆಯ ಮೇಲೆ ಶೂ ಹಿಡಿತ ಹೇಗಿದೆ ಅನ್ನುವುದೂ ಗೊತ್ತಾಗುತ್ತದೆ. ಆದರೆ ಹಿಮಾಲಯದ ಎತ್ತರಕ್ಕೆ ಇದು ಪರೀಕ್ಷೆ ಅಲ್ಲ. 2500 ಮೀಟರ್ ದಾಟಿದ ಮೇಲೆ ಗಾಳಿ ತೆಳುವಾಗಿ ತಲೆನೋವು, ವಾಕರಿಕೆ ಬರಬಹುದು. ಬ್ಯಾಗ್ ಹಗುರ ಇದೆ ಅಂತ ಬೇಗ ಬೇಗ ಏರುವವರಿಗೆ ಅದು ಇನ್ನೂ ಬೇಗ ಹಿಡಿಯುತ್ತದೆ. ಅಲ್ಲಿ ನಿಧಾನವೇ ಔಷಧಿ, ಜಾಸ್ತಿಯಾದರೆ ಕೆಳಗಿಳಿಯಲೇಬೇಕು.

ಚಾರಣ ಮುಗಿಸಿ ಬಂದ ದಿನವೇ, ನಿದ್ದೆಗೆ ಮೊದಲು, ಬ್ಯಾಗನ್ನು ಮತ್ತೆ ಚಾಪೆ ಮೇಲೆ ಸುರಿಯಿರಿ. ಮುಟ್ಟದೇ ಉಳಿದದ್ದಕ್ಕೆ ನೋಟ್‌ಬುಕ್ಕಿನಲ್ಲಿ ಗೆರೆ ಎಳೆಯಿರಿ, ಔಷಧಿ, ಬ್ಯಾಂಡೇಜು, ತುರ್ತು ಹೊದಿಕೆ ಬಿಟ್ಟು. ಬ್ಯಾಗನ್ನು ನೆರಳಲ್ಲಿ ಒಣಗಿಸಿ. ಸ್ಲೀಪಿಂಗ್ ಬ್ಯಾಗನ್ನು ಅದರ ಚಿಕ್ಕ ಚೀಲಕ್ಕೆ ತುರುಕಿ ಅಟ್ಟದ ಮೇಲೆ ಎಸೆಯಬೇಡಿ, ಒಳಗಿನ ತುಂಬು ಒತ್ತಿಹೋಗಿ ಮುಂದಿನ ಸಲ ಬೆಚ್ಚಗಿಡುವುದಿಲ್ಲ. ಹಳೆಯ ದಿಂಬಿನ ಕವರಿನಲ್ಲಿ ಸಡಿಲವಾಗಿ ಹಾಕಿ, ಬೀರುವಿನ ಮೇಲಿನ ಅರೆಯಲ್ಲಿ ಇಡಿ.